ಅಪ್ಪನ ಕಾರಿನ ಎರಡು ಮೂಗುಗಳು

ನನ್ನ ಮೇಜಿನ ಮೇಲೆ ಒಂದು ಸತ್ತ ಮೂಗು ಇದೆ. ಹೆಬ್ಬೆರಳಿನಷ್ಟು ಉದ್ದದ ಲೋಹದ ತುಂಡು. ಒಂದು ತುದಿಯಲ್ಲಿ ಟೀ ಸೋಸುವ ಜಾಲರಿಯಂತೆ ಸಣ್ಣ ತೂತುಗಳು, ಇನ್ನೊಂದು ತುದಿಯಲ್ಲಿ ಬಾಲದಂತೆ ನಾಲ್ಕು ವೈರು. ಫ್ಯಾನಿನ ಗಾಳಿಗೆ ಕಾಗದ ಹಾರದಿರಲಿ ಎಂದು ಇಟ್ಟುಕೊಂಡಿದ್ದೇನೆ. ನೋಡಿದವರು ಸ್ಪಾರ್ಕ್ ಪ್ಲಗ್ ಎನ್ನುತ್ತಾರೆ. ಒಬ್ಬರು ಗೊಂಬೆಮನೆಯ ಶವರ್ ಎಂದರು. ನಾನು ತಿದ್ದಲು ಹೋಗುವುದಿಲ್ಲ. ಇದು ಆಕ್ಸಿಜನ್ ಸೆನ್ಸರ್, ಅಪ್ಪನ ಕಾರಿನದು, ಹೊಗೆ ಮೂಸುವುದೇ ಇದರ ಉದ್ಯೋಗವಾಗಿತ್ತು ಎಂದು ಹೇಳಹೊರಟರೆ ಅಕ್ಕನ ಮೂಗಿನ ವಿಷಯ ಬರುತ್ತದೆ. ಅದು ಬಂದರೆ ನಲವತ್ತು ವರ್ಷದ ಹೊಟ್ಟೆಕಿಚ್ಚೂ ಜೊತೆಗೆ ಬರುತ್ತದೆ. ಅಷ್ಟರಲ್ಲಿ ಬಂದವರ ಕಾಫಿ ಆರಿಹೋಗಿರುತ್ತದೆ. ನಿಮಗೆ ಪುರುಸೊತ್ತಿದ್ದರೆ ಕೇಳಿ.

ನಾವು ಚಿಕ್ಕವರಿದ್ದಾಗ ಅಪ್ಪನಿಗೆ ತಮಿಳು ಸೀಮೆಯ ಪೆರಂಬೂರಿನಲ್ಲಿ ರೈಲ್ವೆ ಕ್ವಾರ್ಟರ್ಸ್ ಕೊಟ್ಟಿದ್ದರು. ಮೈಸೂರಿನ ಕಡೆಯಿಂದ ಬರುವಾಗ ಅಮ್ಮ ಎರಡು ಟ್ರಂಕಿನ ಜೊತೆಗೆ ತನ್ನ ಮಡಿಯನ್ನೂ ತಂದಿದ್ದಳು. ದೇವರಿಗೆ ನೈವೇದ್ಯ ಆಗುವವರೆಗೆ ಅಡಿಗೆಯ ರುಚಿ ನೋಡಬಾರದು ಎಂಬುದು ನಿಮಗೆ ಗೊತ್ತಿರುತ್ತದೆ. ಹಾಗಾದರೆ ಹುಳಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ವಾಸನೆಯಿಂದ. ಆದರೆ ದೇವರಿಗಿಂತ ಮೊದಲು ಮೂಸುವುದೂ ತಪ್ಪು. ಇದಕ್ಕೆ ಅಮ್ಮ ಒಂದು ದಾರಿ ಕಂಡುಕೊಂಡಿದ್ದಳು. ಪಾತ್ರೆಯ ಮೇಲೆ ಬಗ್ಗಿ ಮೂಸಿದರೆ ದೋಷ. ಹೊಸ್ತಿಲ ಹೊರಗೆ ನಿಂತವರ ಹತ್ತಿರ ವಾಸನೆ ತಾನಾಗಿ ಬಂದರೆ ಅದು ಗಾಳಿಯ ಕೆಲಸ, ನಮ್ಮದಲ್ಲ. ಒಲೆಯ ಮುಂದೆ ನಿಂತವರ ಮೂಗು ಬಿಸಿಗೆ ಮಂಕಾಗಿರುತ್ತದೆ, ಆದ್ದರಿಂದ ಹೊರಗಿನ ಮೂಗೇ ಬೇಕು. ಆ ಹೊರಗಿನ ಮೂಗು ಅಕ್ಕನದು.

"ಸುಮೀ, ಬಾರೆ ಇಲ್ಲಿ. ಅಲ್ಲೇ ನಿಂತ್ಕೋ."

ಅಕ್ಕ ಓದುತ್ತಿದ್ದ ಪುಸ್ತಕ ಮಡಿಸಿ, ಪ್ರಧಾನಮಂತ್ರಿಯನ್ನು ಕರೆದ ಹಾಗೆ ನಿಧಾನವಾಗಿ ಎದ್ದು ಹೋಗುತ್ತಿದ್ದಳು. ಹೊಸ್ತಿಲ ಹೊರಗೆ ನಿಂತು ಕಣ್ಣು ಮುಚ್ಚುತ್ತಿದ್ದಳು. "ಸ್ವಲ್ಪ ಕಡಿಮೆ ಅಮ್ಮ" ಎನ್ನುತ್ತಿದ್ದಳು. ಅಮ್ಮ ಒಂದು ಚಿಟಿಕೆ ಹಾಕುತ್ತಿದ್ದಳು. ಊಟಕ್ಕೆ ಕೂತ ಅಪ್ಪ ಒಂದು ತುತ್ತು ಬಾಯಿಗಿಟ್ಟು ಅಕ್ಕನ ಕಡೆಗೆ ನೋಡಿ ತಲೆದೂಗುತ್ತಿದ್ದ.

ಇಷ್ಟು ಚೊಕ್ಕವಾಗಿ ಬರೆದ ಮೇಲೆ ನನಗೇ ಅನುಮಾನ ಬರುತ್ತಿದೆ. ಆ ಕ್ವಾರ್ಟರ್ಸಿನ ಅಡಿಗೆಮನೆಗೆ ಹೊಸ್ತಿಲೇ ಇರಲಿಲ್ಲವೇನೋ. ಸಿಮೆಂಟಿನ ಒಂದು ಗೀರು ಇದ್ದಿರಬಹುದು. ಅಕ್ಕ ಕಣ್ಣು ಮುಚ್ಚುತ್ತಿದ್ದಳು ಎಂಬುದನ್ನು ನಾನೇ ಆಮೇಲೆ ಸೇರಿಸಿರಬೇಕು, ಅವಳನ್ನು ಇನ್ನಷ್ಟು ಜಂಬಗಾತಿ ಮಾಡಲು. ಅಪ್ಪ ದಿನವೂ ತಲೆದೂಗುತ್ತಿದ್ದನೋ, ಒಂದೇ ದಿನ ತೂಗಿದ್ದನ್ನು ನನ್ನ ಹೊಟ್ಟೆ ದಿನವೂ ಎಂದು ಬರೆದುಕೊಂಡಿತೋ. ನೆನಪನ್ನು ನಾನು ನಂಬುವುದಿಲ್ಲ. ಹೊಟ್ಟೆಕಿಚ್ಚನ್ನು ನಂಬುತ್ತೇನೆ, ಅದು ಇವತ್ತಿಗೂ ಕೈಗೆ ಸಿಗುತ್ತದೆ.

ಐದನೆಯ ತರಗತಿಯಲ್ಲೋ ಆರನೆಯದರಲ್ಲೋ ಉಪ್ಪಿಗೆ ವಾಸನೆ ಇಲ್ಲ ಎಂದು ಪಾಠದಲ್ಲಿ ಬಂತು. ಆ ದಿನ ನಾನು ಶಾಲೆಯಿಂದ ಮನೆಗೆ ಓಡಿದ್ದು ಇನ್ನೂ ಕಾಲಿಗೆ ನೆನಪಿದೆ. ಪುಸ್ತಕವನ್ನು ಅಮ್ಮನ ಮುಂದೆ ಹಿಡಿದೆ. ಪುಸ್ತಕ ಬರೆದವರು ಒಂದು ದಿನವಾದರೂ ನೈವೇದ್ಯದ ಅಡಿಗೆ ಮಾಡಿದ್ದಾರೆಯೇ ಎಂದು ಕೇಳಿ, ಅಮ್ಮ ಬೇಳೆ ತೊಳೆಯಲು ಹೋದಳು. ವಿಜ್ಞಾನಕ್ಕೂ ನನಗೂ ಒಂದೇ ದಿನ ಅವಮಾನವಾಯಿತು.

ಪುರಸೈವಾಕ್ಕಂನ ಬಟ್ಟೆ ಅಂಗಡಿಗಳಲ್ಲೂ ಇದೇ ಕತೆ. ದೀಪಾವಳಿಗೆ ಫ್ರಾಕಿನ ಬಟ್ಟೆ ತೆಗೆಯುವಾಗ ಅಕ್ಕ ತುದಿಯನ್ನು ಮೂಗಿಗೆ ಹಿಡಿದು "ಇದು ಬರೀ ಗಂಜಿ ಅಪ್ಪಾ" ಎನ್ನುತ್ತಿದ್ದಳು. ಅಪ್ಪ ಅಂಗಡಿಯವನಿಗೆ ಬೇರೆ ತೋರಿಸಲು ಹೇಳುತ್ತಿದ್ದ. ಒಂದು ವರ್ಷ ನಾನೂ ಒಂದು ನೇರಳೆ ಬಟ್ಟೆಯನ್ನು ಮೂಸಿ, ಇದು ಒಳ್ಳೆಯದು ಎಂದು ಘೋಷಿಸಿದೆ. ಮೊದಲನೇ ಒಗೆತಕ್ಕೆ ಅಪ್ಪನ ಬನಿಯನ್ನುಗಳೆಲ್ಲ ನೇರಳೆಯಾದವು. ಅಪ್ಪ ಒಂದು ಮಾತೂ ಆಡದೆ ಅವನ್ನೇ ಹಾಕಿಕೊಂಡು ಡ್ಯೂಟಿಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೂ ಒಂದು ಅನ್ಯಾಯವಿದೆ. ನಮ್ಮಿಬ್ಬರಲ್ಲಿ ದೊಡ್ಡ ಮೂಗು ನನ್ನದು. ಅಪ್ಪನದೇ ಅಚ್ಚು, ನಡುವೆ ಒಂದು ಗುಡ್ಡ, ಕೆಳಗೆ ಎರಡು ಸುರಂಗ. ಊರಿಂದ ಬಂದ ನೆಂಟರೆಲ್ಲ ಅದನ್ನು ಹಿಡಿದು ಆಡಿಸಿ ಅಪ್ಪನ ಮೂಗು ಎಂದು ಹೇಳಿ ಹೋಗುತ್ತಿದ್ದರು. ಅಕ್ಕನದು ಗುಂಡಗೆ ಪುಟ್ಟಗೆ, ಕುಪ್ಪಸಕ್ಕೆ ಹಾಕುವ ಗುಂಡಿಯಷ್ಟು. ಇಷ್ಟು ದೊಡ್ಡ ಕಚೇರಿಯನ್ನು ಮುಖದ ಮೇಲೆ ಇಟ್ಟುಕೊಂಡು ನಾನು ಕೆಲಸವಿಲ್ಲದೆ ಕೂತಿದ್ದೆ. ಆಮೇಲೆ ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಬೇರೆಯವರು ಮುಗಿಸಿದ ಫೈಲು ಸರಿಯಾಗಿದೆಯೇ ಎಂದು ನೋಡಿ ಸಹಿ ಹಾಕುವುದು ಅಲ್ಲಿ ನನ್ನ ಕೆಲಸ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕಾರಿನ ವಿಷಯಕ್ಕೆ ಬರುತ್ತೇನೆ. ಅಪ್ಪ ರಿಟೈರಾದ ವರ್ಷ ಕೊಂಡ ಸಣ್ಣ ಬಿಳಿ ಕಾರು. ಕೆಲವು ವರ್ಷ ತಾನೇ ಓಡಿಸಿದ. ಕಣ್ಣು ಮಂಜಾದ ಮೇಲೆ ಅಡ್ಯಾರಿನ ತನ್ನ ಮನೆಯಿಂದ ಅಕ್ಕ ಬಂದು ಓಡಿಸತೊಡಗಿದಳು. ಆಸ್ಪತ್ರೆ, ದೇವಸ್ಥಾನ, ಬೀಚಿನ ಗಾಳಿ ಎಲ್ಲದಕ್ಕೂ ಅವರಿಬ್ಬರೇ. ನಾನು ಅಮ್ಮ ಅಪ್ಪನ ಜೊತೆ ಮೈಲಾಪೂರಿನ ಇದೇ ಫ್ಲ್ಯಾಟಿನಲ್ಲಿ ಇದ್ದೆ, ದಿನವೂ ಮಾತ್ರೆ ಕೊಟ್ಟವಳು ನಾನು. ಆದರೆ ಕಾರಿನಿಂದ ಇಳಿಯುವಾಗ ಅವರ ಮುಖದ ಮೇಲೆ ಅರ್ಧ ಮುಗಿದ ಒಂದು ನಗು ಇರುತ್ತಿತ್ತಲ್ಲ, ಆ ನಗುವಿನ ಮೊದಲರ್ಧ ನನಗೆ ಯಾವತ್ತೂ ಸಿಗಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಹೋದ. ಅಕ್ಕನ ಮನೆಯಲ್ಲಿ ಬೇರೆ ಕಾರು ಇದ್ದುದರಿಂದ ಆರ್‌ಸಿ ನನ್ನ ಹೆಸರಿಗೆ ಬಂತು. ಅಕ್ಕ ಕೇಳಿದಲ್ಲೆಲ್ಲ ಸಹಿ ಹಾಕಿದಳು. ನಾನು ಓಡಿಸುತ್ತಿದ್ದುದು ಅಪರೂಪ. ಆದರೂ ನಮ್ಮ ಬೀದಿಯಲ್ಲಿ ಅದು ಸುಮಾ ಅವರ ಕಾರು.

ಈ ವರ್ಷ ಅದಕ್ಕೆ ಹದಿನೈದು ತುಂಬಿತು. ಹದಿನೈದು ತುಂಬಿದ ಕಾರಿಗೆ ಮತ್ತೆ ನೋಂದಣಿ ಆಗಬೇಕು, ಅದಕ್ಕೆ ಮೊದಲು ಹೊಗೆಯ ಪರೀಕ್ಷೆಯಲ್ಲಿ ಪಾಸಾಗಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಗುಜರಿ. ಅಕ್ಕ ಫೋನಿನಲ್ಲಿ, "ಕೊಡೇ, ನಾನು ಮಾಡಿಸ್ಕೊಂಡು ಬರ್ತೀನಿ, ನಿಂಗ್ಯಾಕೆ ತೊಂದರೆ" ಎಂದಳು. ಅಷ್ಟೇ ಸಾಕಾಯಿತು. ಈ ಒಂದು ಪರೀಕ್ಷೆಯನ್ನು ಅಕ್ಕನ ನೆರಳೂ ಬೀಳದಂತೆ ನಾನೇ ಪಾಸು ಮಾಡಿಸುತ್ತೇನೆ, ಅಪ್ಪನ ಕಾರು ನನ್ನ ಕೈಯಲ್ಲಿ ಉಳಿಯುತ್ತದೆ ಎಂದು ನಿಶ್ಚಯಿಸಿದೆ.

ಪೆಟ್ರೋಲ್ ಬಂಕಿನ ಮೂಲೆಯಲ್ಲಿದ್ದ ಹೊಗೆ ಪರೀಕ್ಷೆಯ ಗೂಡಿನಲ್ಲಿ ಸೈಲೆನ್ಸರ್ ಒಳಗೆ ಒಂದು ಕೊಳವೆ ತೂರಿಸಿದರು. ಕಂಪ್ಯೂಟರಿನಲ್ಲಿ ಅಂಕಿಗಳು ಏರಿದವು. ಕೂತಿದ್ದವರು ತಲೆಯಾಡಿಸಿ ಫೇಲ್ ಎಂದರು. ಶಾಲೆಯಲ್ಲಿ ನಾನು ಒಂದು ಸಲವೂ ಫೇಲಾಗಿರಲಿಲ್ಲ.

ಅಲ್ಲಿಂದ ನೇರವಾಗಿ ಏಳುಮಲೈ ಹತ್ತಿರ ಹೋದೆ. ಮೈಲಾಪೂರಿನಲ್ಲೇ, ಲಸ್ ಹತ್ತಿರದ ಒಂದು ಸಂದಿನಲ್ಲಿ ಅವರ ಶೆಡ್ಡು. ಅಪ್ಪನ ಕಾಲದಿಂದಲೂ ಅವರೇ ನಮ್ಮ ಮೆಕ್ಯಾನಿಕ್. ಅವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು.

"ಅಕ್ಕಾ ವರಲಿಯಾ, ಮೇಡಂ?"

ಗಮನಿಸಿ. ಅವಳು ಅಕ್ಕ, ನಾನು ಮೇಡಂ. ಹದಿನೈದು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಒಂದು ಸಲ ಅಕ್ಕ ಎಂದಿಲ್ಲ. ಬರಲಿಲ್ಲ, ಯಾಕೆ ಬರಬೇಕು ಎಂದು ತಮಿಳಿನಲ್ಲಿ ಕೇಳಿದೆ. ಸುಮ್ಮನೆ ಕೇಳಿದೆ ಎಂದು ಬಾನೆಟ್ ಎತ್ತಿದರು. ಆಮೇಲೆ ಒಳಗೆ ಕೂತು ಕೀ ತಿರುಗಿಸಿ, ಡ್ಯಾಶ್‌ಬೋರ್ಡಿನ ಗಾಜಿನ ಮೇಲಿದ್ದ ಒಂದು ಮರೂನ್ ಸ್ಟಿಕರ್ ಬೊಟ್ಟನ್ನು ಉಗುರಿನಿಂದ ಕಿತ್ತರು. ಅದರ ಅಡಿಯಲ್ಲಿ ಎಂಜಿನ್ನಿನ ಚಿತ್ರವಿದ್ದ ಹಳದಿ ದೀಪ ಉರಿಯುತ್ತಿತ್ತು. ಎಷ್ಟು ವರ್ಷದಿಂದ ಉರಿಯುತ್ತಿತ್ತೋ. ಆ ಬೊಟ್ಟು ಅಕ್ಕನದು. ಹಳದಿ ದೀಪ ಕಂಡರೆ ಅಪ್ಪ ಗಾಬರಿಯಾಗುತ್ತಿದ್ದನಂತೆ, ಅದಕ್ಕೆ ಅವಳು ಹಣೆಯದನ್ನು ತೆಗೆದು ಅಲ್ಲಿ ಅಂಟಿಸಿದ್ದು. ಇದನ್ನು ಏಳುಮಲೈ ಹೇಳುತ್ತ ನಕ್ಕರು. ನನಗೆ ಮಾತ್ರ ಗೊತ್ತಿರಲಿಲ್ಲ.

ಕಾಯಿಲೆ ಇದು. ಎಂಜಿನ್ನಿನಿಂದ ಹೊಗೆ ಹೊರಡುವ ಪೈಪಿನಲ್ಲಿ ಒಂದು ಸೆನ್ಸರ್ ಇರುತ್ತದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅದು ಮೂಸಿ ಹೇಳಿದರೆ, ಅದನ್ನು ಕೇಳಿಕೊಂಡು ಎಂಜಿನ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮುಂದೆ ಹೊಗೆಯನ್ನು ತೊಳೆಯುವ ಒಂದು ಡಬ್ಬಿ. ಡಬ್ಬಿಯ ಆಚೆ ಇನ್ನೊಂದು ಸೆನ್ಸರ್. ಮೊದಲನೆಯದು ಸತ್ತು ಬಹಳ ಕಾಲವಾಗಿತ್ತು. ಎಂಜಿನ್ ಪಾಪ ಕಣ್ಣು ಕಟ್ಟಿದ ಹಾಗೆ ಪೆಟ್ರೋಲ್ ಸುರಿಯುತ್ತಲೇ ಇತ್ತು. ಕಾರಿನ ಹಿಂದೆ ನಿಂತರೆ ಮೂಗಿಗೆ ಹೊಡೆಯುತ್ತದೆ, ಕೂತವರಿಗೂ ಗೊತ್ತಾಗಬೇಕು, ಇಷ್ಟು ವರ್ಷ ಓಡಿಸಿದ ಅಕ್ಕನಿಗೆ ಹೇಗೆ ತಿಳಿಯಲಿಲ್ಲ ಎಂದು ಏಳುಮಲೈ ಆಶ್ಚರ್ಯಪಟ್ಟರು.

ನನಗೆ ಆಶ್ಚರ್ಯವಾಗಲಿಲ್ಲ, ಹಬ್ಬವಾಯಿತು. ಶೆಡ್ಡಿನಿಂದಲೇ ಅಕ್ಕನಿಗೆ ಫೋನು ಮಾಡಿದೆ. ಕಾರು ಪೆಟ್ರೋಲ್ ಬಂಕಿನ ಹಾಗೆ ನಾರುತ್ತಿದೆ, ಹುಳಿಯ ಉಪ್ಪು ಹಿಡಿಯುವ ಮೂಗಿಗೆ ಇದು ಹೇಗೆ ತಪ್ಪಿತು ಎಂದು ಕೇಳಿದೆ. ಅವಳು ಜಗಳಕ್ಕೆ ಬರುತ್ತಾಳೆ ಎಂದು ಕಾದೆ. "ಇರ್ಬೋದು ಕಣೇ, ನಾನು ಗಮನಿಸ್ಲಿಲ್ಲ" ಎಂದಳು. ಸೋತವರು ಹೀಗೆ ಸಪ್ಪಗೆ ಸೋತರೆ ಗೆದ್ದವರಿಗೆ ಏನು ಸುಖ?

ಅಷ್ಟರಲ್ಲಿ ಏಳುಮಲೈ ಮೊದಲನೆಯ ಸೆನ್ಸರ್ ಒಂದನ್ನೇ ತಂದರೆ ಸಾಕು ಎಂದರು. ಎರಡನೆಯದೂ ಹಳೆಯದಲ್ಲವೇ ಎಂದೆ.

"ಅದು ಸುಮ್ಮಾ ಪಾತ್ತುಟ್ಟು ಇರುಕ್ಕುಂ ಮೇಡಂ, ಅವ್ಳೋದಾನ್."

ಅದು ಸುಮ್ಮನೆ ನೋಡಿಕೊಂಡು ಇರುತ್ತದೆ, ಅಷ್ಟೇ. ಅದರ ಮಾತು ಕೇಳಿ ಎಂಜಿನ್ ಹೆಚ್ಚೇನೂ ಮಾಡುವುದಿಲ್ಲ. ಮುಂದಿನವರು ಮುಗಿಸಿದ ಕೆಲಸ ಸರಿಯಾಗಿದೆಯೇ ಎಂದು ನೋಡುವುದಷ್ಟೇ. ನಾನು ಯಾವ ಕಚೇರಿಯಲ್ಲಿ ಏನು ಮಾಡುತ್ತೇನೆ ಎಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದೇ ಹೇಳಿದರು ಎಂದು ನನಗೆ ಆಗ ಅನಿಸಿತು. ಎರಡನ್ನೂ ತರುತ್ತೇನೆ, ಎರಡನ್ನೂ ಹಾಕಬೇಕು ಎಂದೆ. ಭುಜ ಕುಣಿಸಿ ನಂಬರು ಬರೆದುಕೊಟ್ಟರು. ಇದರಲ್ಲಿ ಎರಡೂ ಒಂದೇ ಜಾತಿ, ಎರಡನೆಯದರ ವೈರು ಮಾತ್ರ ಉದ್ದ ಎಂದರು.

ಎರಡು ಪೆಟ್ಟಿಗೆಗಳನ್ನು ಮನೆಗೆ ತಂದೆ. ನಮ್ಮ ಮನೆಗೆ ಹೊಸದಾಗಿ ಏನು ಬಂದರೂ, ಅದು ಮಿಕ್ಸಿಯಾಗಲಿ ಮೊಬೈಲಾಗಲಿ, ಮೊದಲು ದೇವರ ಮುಂದೆ ಹೋಗುತ್ತದೆ. ಅಮ್ಮ ಇದೇನು, ಇದು ಏನು ಮಾಡುತ್ತದೆ ಎಂದು ಕೇಳಿದಳು. ನಾನು ಉತ್ಸಾಹದಿಂದ ವಿವರಿಸಿದೆ. ಒಂದು ಮೂಸಿ ಹೇಳುತ್ತದೆ, ಇನ್ನೊಂದು ಹಿಂದೆ ಕೂತು ನೋಡುತ್ತದೆ. ಅಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ನಾನು ಸ್ನಾನಕ್ಕೆ ಹೋಗಿದ್ದಾಗ ಮೊದಲನೆಯ ಪೆಟ್ಟಿಗೆ ತೆರೆದು, ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದು, ತುಪ್ಪದಲ್ಲಿ ಕಲಸಿದ ಕುಂಕುಮವನ್ನು ಜಾಲರಿಗೆ ಒತ್ತಿ, ಮೇಲೆ ಅರಿಶಿನ ಉದುರಿಸಿ, ಆರತಿ ಬೆಳಗಿ, ಟೋಪಿ ಹಾಕಿ ಹಾಗೇ ಇಟ್ಟಿದ್ದಳು. ಇನ್ನೊಂದಕ್ಕೂ ಮಾಡಿದೆಯಾ ಎಂದು ಆಮೇಲೆ ಕೇಳಿದೆ.

"ಅದಕ್ಯಾಕೆ? ದೊಡ್ಡದಕ್ಕೆ ಮಾಡಿದ್ರೆ ಸಾಕು."

ಒಂದು ಬಿಡಿಭಾಗದ ಪರವಾಗಿ ನನ್ನ ಕಣ್ಣಲ್ಲಿ ನೀರು ಬರುವಂತಾಯಿತು. ಎರಡನೆಯ ಪೆಟ್ಟಿಗೆ ಬಿಚ್ಚದೆ ಹಾಗೇ ಇತ್ತು. ಆರತಿಯೂ ಇಲ್ಲ, ಕುಂಕುಮವೂ ಇಲ್ಲ. ನಾನು ಅದನ್ನು ಒಂದು ಸಲ ಸವರಿದೆ.

ಮರುದಿನ ಶೆಡ್ಡಿನಲ್ಲಿ ಹಳೆಯ ಸೆನ್ಸರ್ ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಹದಿನೈದು ವರ್ಷದ ತುಕ್ಕು. ಎಣ್ಣೆ ಹೊಡೆದು ಕಾದರು, ಎಂಜಿನ್ ಓಡಿಸಿ ಬಿಸಿ ಮಾಡಿದರು, ವೈರು ಸಿಕ್ಕಿಕೊಳ್ಳದಂತೆ ಪಕ್ಕದಲ್ಲಿ ಸೀಳಿದ್ದ ಒಂದು ಸ್ಪ್ಯಾನರ್ ಹಾಕಿ ಇಡೀ ಮೈಯಿಂದ ಜಗ್ಗಿದರು. ಕೊನೆಗೆ ಕೀರಲು ಸದ್ದು ಮಾಡಿ ಬಂತು. ಮಸಿ ಮೆತ್ತಿ ಕಪ್ಪಗಿತ್ತು. ಈಗ ನನ್ನ ಮೇಜಿನ ಮೇಲೆ ಇರುವುದು ಅದೇ. ಏಳುಮಲೈ ಕೈ ಒರೆಸಿಕೊಂಡು ಹೊಸದರ ಟೋಪಿ ತೆಗೆದರು. ತುದಿಯನ್ನು ಬೆಳಕಿಗೆ ಹಿಡಿದರು.

"ಯಾರು ಮೇಡಂ ಇದುಕ್ಕು ಪೊಟ್ಟು ವೆಚ್ಚದು?"

ಇದಕ್ಕೆ ಬೊಟ್ಟು ಇಟ್ಟವರು ಯಾರು ಎಂದು ಕೇಳಿದಾಗ ಅಮ್ಮನ ಹೆಸರು ಹೇಳದೆ, ಮನೆಯ ಪದ್ಧತಿ ಎಂದೆ. ಈ ತುದಿಯನ್ನು ಕೈಯಲ್ಲೂ ಮುಟ್ಟಬಾರದಂತೆ. ಬೆರಳಿನ ಜಿಡ್ಡು ತಾಗಿದರೇ ಸಾಕಂತೆ. ಇಲ್ಲಿ ಜಾಲರಿಯ ತೂತುಗಳೊಳಗೆಲ್ಲ ತುಪ್ಪ, ಕುಂಕುಮ, ಅರಿಶಿನ. ಬಿಸಿಯಾದರೆ ಒಳಗೇ ಸುಟ್ಟು ಗಟ್ಟಿಯಾಗುತ್ತದೆ, ಇದನ್ನು ನಾನು ಹಾಕುವುದಿಲ್ಲ ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. ಗಣಪತಿಯ ಪಟದ ಕೆಳಗೆ, ಗೌರವವಾಗಿಯೇ. ಆಮೇಲೆ ಎರಡನೆಯ ಪೆಟ್ಟಿಗೆಯ ಕಡೆಗೆ ಕೈ ಚಾಚಿದರು. ಅದನ್ನೇ ಮೊದಲನೆಯದರ ಜಾಗಕ್ಕೆ ಹಾಕಿ, ಹೆಚ್ಚಾದ ವೈರನ್ನು ಸುತ್ತಿ ಬಿಸಿ ತಾಗದ ಕಡೆ ಕಟ್ಟಿದರು. ಹಿಂದೆ ಹಳೆಯದೇ ಕೂತು ನೋಡಿಕೊಂಡಿರಲಿ ಎಂದರು.

ಯಾರಿಗೂ ಬೇಡವಾಗಿದ್ದ ಎರಡನೆಯ ಮೂಗು ಮೊದಲನೆಯದರ ಸಿಂಹಾಸನ ಏರಿತು. ಬೊಟ್ಟು ಕಿತ್ತ ಜಾಗದಲ್ಲಿ ಹಳದಿ ದೀಪ ಆರಿತು. ಶೆಡ್ಡಿನಿಂದ ಹೊರಗೆ ಓಡಿಸಿಕೊಂಡು ಬರುವಾಗ ನಾನು ಕಿಟಕಿಯಿಂದ ಮೊಣಕೈ ಹೊರಗಿಟ್ಟಿದ್ದೆ ಎಂದು ನನ್ನ ನೆನಪು. ಇದು ನಿಜವಾಗಿರಲಾರದು, ನಾನು ಹಾಗೆಲ್ಲ ಓಡಿಸುವವಳಲ್ಲ.

ಶನಿವಾರ ಬೆಳಿಗ್ಗೆ ಮತ್ತೆ ಹೊಗೆ ಪರೀಕ್ಷೆ. ನನ್ನ ನಿಶ್ಚಯಕ್ಕೆ ಅಮ್ಮ ತಣ್ಣೀರೆರಚಿದಳು. ಸುಮಿಯನ್ನು ಕರೆದುಕೊಂಡೇ ಹೋಗಬೇಕು, ಅವಳು ಇದ್ದರೆ ಕಾರಿಗೆ ಧೈರ್ಯ ಎಂದಳು. ಪಾಸಾದರೆ ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡಿ ನೈವೇದ್ಯ ಎಂದು ಹರಕೆ ಬೇರೆ. ಜೊತೆಗೆ ಅಕ್ಕನ ಮನೆಗೆಂದು ಅರ್ಧ ಹಲಸಿನ ಹಣ್ಣನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಹಿಂದಿನ ಸೀಟಿನಲ್ಲಿ ಇಡಿಸಿದಳು. ನನಗೆ ಉಳಿದ ಅರ್ಧವೋ ಎಂದರೆ, ಅದು ಪಕ್ಕದ ಮನೆಯವರಿಗಂತೆ.

ಅಡ್ಯಾರಿನಲ್ಲಿ ಅಕ್ಕ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಚೀಲ ಕೊಡುವುದು ಮರೆತುಹೋಯಿತು. ಮರೆತದ್ದೋ, ಕೊಡಲು ಮನಸ್ಸಿಲ್ಲದ್ದೋ, ಈಗ ಯಾಕೆ ಕೆದಕುವುದು. ಬಿಸಿಲಿಗೆ ಗಾಜು ಏರಿಸಿ ಎಸಿ ಹಾಕಿದ್ದೆ. ಅಕ್ಕ ಕೂತು, ಬೆಲ್ಟ್ ಹಾಕಿಕೊಂಡು, ಹೊಸ್ತಿಲ ಹೊರಗೆ ನಿಂತಾಗಿನ ಗತ್ತಿನಲ್ಲಿ ಒಂದು ದೀರ್ಘ ಉಸಿರು ಎಳೆದಳು.

"ಈಗ ಪೆಟ್ರೋಲ್ ವಾಸನೆ ಇಲ್ಲ ಬಿಡು. ಸರಿಹೋಗಿದೆ."

ಮೈಯೆಲ್ಲ ಉರಿಯಿತು. ನಾನು ಮಾಡಿಸಿದ ರಿಪೇರಿಗೂ ಅವಳ ಮೂಗಿನ ಮುದ್ರೆ ಬೇಕೇ? ಗೇರು ಹಾಕಿ ಹೊರಟೆ. ಹಲಸಿನ ವಾಸನೆ ಕಾರಿನ ತುಂಬ ಎಷ್ಟು ತುಂಬಿಕೊಂಡಿತ್ತೆಂದರೆ ನಾನು ಬಾಯಿಂದ ಉಸಿರಾಡುತ್ತಿದ್ದೆ. ಸಿಗ್ನಲ್ ಒಂದರಲ್ಲಿ ಅಕ್ಕ ತಿರುಗಿ ಹಿಂದೆ ನೋಡಿದಳು.

"ಚೀಲ್ದಲ್ಲಿ ಏನೇ? ಅಮ್ಮ ಪಾತ್ರೆ ಕೊಟ್ಟು ಕಳ್ಸಿದಾಳಾ?"

ಹಿಂದಿನವರು ಹಾರನ್ ಹೊಡೆದಾಗಲೇ ಸಿಗ್ನಲ್ ಹಸಿರಾದದ್ದು ನನಗೆ ಗೊತ್ತಾದದ್ದು.

ಬಂಕಿನಲ್ಲಿ ನಮ್ಮ ಮುಂದೆ ನಾಲ್ಕು ಗಾಡಿ ಇದ್ದವು. ಎಂಜಿನ್ ಆರಿಸಿ ಅವಳನ್ನು ನೋಡದೆ ಕೇಳಿದೆ, ಎಷ್ಟು ದಿನದಿಂದ ಎಂದು. ಅವಳಿಗೆ ಅರ್ಥವಾಯಿತು. ಕೊರೋನಾ ಬಂದಾಗಿನಿಂದ ಎಂದಳು. ಜ್ವರ ಹೋಯಿತು, ಕೆಮ್ಮು ಹೋಯಿತು, ಎಲ್ಲರಿಗೂ ತಿಂಗಳಲ್ಲಿ ವಾಪಸು ಬಂದದ್ದು ಇವಳಿಗೆ ಬರಲೇ ಇಲ್ಲ. ಮಲ್ಲಿಗೆ ಇಲ್ಲ, ಕಾಫಿ ಇಲ್ಲ, ಸೀದ ಹಾಲು ಇಲ್ಲ. ಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಒಂದು ಯಂತ್ರ ಹಾಕಿಸಿಕೊಂಡಿದ್ದಾಳೆ. ಮತ್ತೆ ಅಮ್ಮ ಕರೆದಾಗ ಏನು ಮಾಡುತ್ತಿದ್ದೆ ಎಂದೆ.

"ಸರಿ ಇದೆ ಅಮ್ಮ ಅಂತಿದ್ದೆ. ಸರಿಯಾಗೇ ಇರ್ತಿತ್ತು. ಅವಳ ಕೈ ತಪ್ಪಲ್ಲ ಕಣೇ." ಆಮೇಲೆ ನನ್ನ ಕಡೆಗೆ ತಿರುಗಿ ಹೇಳಿದಳು, "ಅಮ್ಮಂಗೆ ಹೇಳ್ಬೇಡ್ವೇ. ಅವಳು ನನ್ನ ಹೆಸರು ಹಿಡಿದು ಕೂಗೋದು ಅದೊಂದಕ್ಕೇ. ಮಿಕ್ಕಿದ್ದಕ್ಕೆಲ್ಲ ನೀನೇ ಇದ್ಯಲ್ಲ."

ಮಿಕ್ಕಿದ್ದಕ್ಕೆಲ್ಲ ನಾನು. ಅವಳು ಇದನ್ನು ಹೇಳಿದ ಧಾಟಿ ನನಗೆ ಪರಿಚಿತವಾಗಿತ್ತು. ನನ್ನದೇ ಧಾಟಿ. ಇವಳಿಗೂ ಹೊಟ್ಟೆಕಿಚ್ಚು ಇರಬಹುದು ಎಂದು ನನಗೆ ನಲವತ್ತು ವರ್ಷದಲ್ಲಿ ಹೊಳೆದಿರಲಿಲ್ಲ, ಹೊಳೆದ ಕೂಡಲೇ ಅದೂ ಅವಳದೇ ಉತ್ತಮ ದರ್ಜೆಯದು ಎಂದು ಅನಿಸಿತು.

ಕೊಳವೆ ತೂರಿಸಿದರು. ಅಂಕಿಗಳು ಏರಿ, ನಿಂತು, ಇಳಿದವು. ಪಾಸ್. ಕಾಗದ ಕೈಗೆ ಬಂತು. ಅಪ್ಪನ ಕಾರು ಉಳಿಯಿತು. ನಾನು ಅಂದುಕೊಂಡಿದ್ದ ಹಾಗೆ ಅಕ್ಕನ ಮುಖದ ಮುಂದೆ ಆ ಕಾಗದ ಬೀಸಬಹುದಿತ್ತು. ಬೀಸಲು ಎದುರಿಗೆ ಯಾರೂ ಇಲ್ಲದ ಹಾಗಾಗಿತ್ತು.

ಆದರೆ ಹುದ್ದೆ ಖಾಲಿಯಿದೆ ಎಂದು ಗೊತ್ತಾದ ಮೇಲೆ ಆಸೆ ಸುಮ್ಮನಿರುತ್ತದೆಯೇ? ಮೈಲಾಪೂರಿಗೆ ವಾಪಸು ಬರುವಾಗ ನಾನೇ ಹೇಳಿದೆ. ಯಾವತ್ತಾದರೂ ಅಮ್ಮನ ಕೈ ತಪ್ಪಿದರೆ ಸಿಕ್ಕಿಬೀಳುತ್ತೀಯ. ನಾನು ನಿನ್ನ ಹಿಂದೆ ನಿಂತು ಮೂಸುತ್ತೇನೆ. ಸರಿ ಇದ್ದರೆ ಬೆನ್ನಿಗೆ ಒಂದು ಸಲ ಚುಚ್ಚುತ್ತೇನೆ, ಕಡಿಮೆ ಇದ್ದರೆ ಎರಡು ಸಲ.

"ನಿಂಗೆ ಬರತ್ತೇನೆ?"

"ಇಷ್ಟು ದೊಡ್ಡ ಮೂಗು ಮತ್ಯಾಕೆ ಇದೆ?"

ಅಕ್ಕ ನಕ್ಕಳು. ಕಾರಿನಿಂದ ಇಳಿಯುವಾಗಲೂ ಆ ನಗು ಅರ್ಧ ಉಳಿದಿತ್ತು.

ಅಡಿಗೆಮನೆಯಲ್ಲಿ ಹಯಗ್ರೀವ ಇಳಿದು, ಕುಂಬಳಕಾಯಿ ಹುಳಿ ಕುದಿಯುತ್ತಿತ್ತು. ಎಂದಿನಂತೆ ಕೂಗು ಬಂತು. ಅಕ್ಕ ಹೋಗಿ ಹೊಸ್ತಿಲ ಹೊರಗೆ ನಿಂತಳು. ಕಣ್ಣು ಮುಚ್ಚಿದಳೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ, ನಾನು ಬೆನ್ನ ಹಿಂದೆ ಇದ್ದೆ. ಅವಳ ಹೆಗಲ ಮೇಲಿಂದ ಮೂಗನ್ನು ಚಾಚಿ ನಲವತ್ತು ವರ್ಷದ ಉಸಿರನ್ನು ಒಂದೇ ಸಲ ಎಳೆದೆ. ಹುಣಸೆ ಬಂತು, ಇಂಗು ಬಂತು, ಕರಿಬೇವು, ಕೊಬ್ಬರಿ, ಮೆಂತ್ಯ ಎಲ್ಲ ಬಂದವು. ಉಪ್ಪು ಬರಲಿಲ್ಲ. ಬರಲಿಲ್ಲ ಎಂದರೆ ಕಡಿಮೆ ಎಂದೇ ಅರ್ಥ ಎಂದು ತೀರ್ಮಾನಿಸಿ ಎರಡು ಸಲ ಚುಚ್ಚಿದೆ.

ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಸ್ವಲ್ಪ ಕಡಿಮೆ ಅಮ್ಮ."

ಅಮ್ಮನ ಮುಖ ಅರಳಿತು. ಎಷ್ಟು ವರ್ಷವಾಯಿತು ನೀನು ಕಡಿಮೆ ಎಂದು ಹೇಳಿ ಎಂದು ಸಂತೋಷವಾಗಿ ಒಂದು ಹಿಡಿ ಹಾಕಿದಳು. ನಾನು ಹಿಂದೆ ನಿಂತು ಬೀಗಿದೆ. ಎರಡನೆಯ ಮೂಗು ಮೊದಲನೆಯದರ ಜಾಗದಲ್ಲಿ ಕೂತು ಕೆಲಸ ಮಾಡಿತಲ್ಲ, ಆ ವಾರದಲ್ಲಿ ಅದು ಎರಡನೆಯ ಬಾರಿ.

ನೈವೇದ್ಯವಾಯಿತು. ಊಟಕ್ಕೆ ಕೂತೆವು. ಮೊದಲ ತುತ್ತಿಗೆ ನನ್ನ ನಾಲಿಗೆ ಮಡಚಿಕೊಂಡಿತು. ಬೀಚಿನಲ್ಲಿ ಅಲೆ ಬಂದು ಬಾಯಿಗೆ ಹೊಡೆದ ಹಾಗೆ. ಅಮ್ಮ ಒಂದು ತುತ್ತು ತಿಂದು, ಲೋಟದ ನೀರು ಪೂರ್ತಿ ಕುಡಿದು, ಅಕ್ಕನನ್ನು ನೋಡಿದಳು.

"ಏನೇ ಸುಮಿ, ಕಾರಿನ ಹಾಗೆ ನಿನ್ ಮೂಗಿಗೂ ಹದಿನೈದು ವರ್ಷ ಮುಗೀತೇನೇ?"

ಈಗ ಅಕ್ಕ ಹೇಳಿಬಿಡಬಹುದಿತ್ತು. ಇವಳು ಚುಚ್ಚಿದಳು ಎಂದರೆ ಮುಗಿಯುತ್ತಿತ್ತು. ನಾನು ತಲೆ ತಗ್ಗಿಸಿ ಕಾದೆ. ಅಕ್ಕ ತಟ್ಟೆಯನ್ನು ಮುಂದೆ ಚಾಚಿ, ಇನ್ನೊಂದು ಸೌಟು ಹುಳಿ ಬಡಿಸು ಎಂದಳು. ನೇರಳೆ ಬನಿಯನ್ನು ಹಾಕಿಕೊಂಡು ಡ್ಯೂಟಿಗೆ ಹೊರಟ ಅಪ್ಪನ ಹಾಗೆ ಕೂತು ಪೂರ್ತಿ ತಿಂದಳು. ಅಪ್ಪನ ಮೂಗು ನನಗೆ ಬಂದಿತ್ತು, ಅಪ್ಪನ ಈ ಗುಣ ಅವಳಿಗೆ ಹೋಗಿತ್ತು. ಆ ಎರಡನೆಯ ಸೌಟಿನ ಮೇಲೆ ನನಗೆ ಆದಷ್ಟು ಹೊಟ್ಟೆಕಿಚ್ಚು ಉಪ್ಪಿನ ಮೇಲೆ ಯಾವತ್ತೂ ಆಗಿರಲಿಲ್ಲ.

ಸಂಜೆ ಅವಳನ್ನು ಬಿಡಲು ಹೋದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅಷ್ಟು ಖುಷಿಯಾಗಿ ಚು‌ಚ್ಚಿದ್ಯಲ್ಲೇ," ಎಂದಳು ಅಕ್ಕ. "ಬೆನ್ನು ಇನ್ನೂ ನೋಯ್ತಿದೆ."

ಇನ್ನು ಮೇಲೆ ಅಮ್ಮ ನನ್ನನ್ನೇ ಕರೆಯುತ್ತಾಳೆ ಎಂದು ಒಂದು ವಾರ ಕಾದೆ. ಒಂದು ಸಲ ಫೇಲಾದ ಕಾರಿಗೆ ಮತ್ತೆ ಪರೀಕ್ಷೆ ಮಾಡದೆ ಕಾಗದ ಕೊಡುವುದಿಲ್ಲ. ಮುಂದಿನ ಶನಿವಾರ ಅಕ್ಕ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಒಳಗಿನಿಂದ ಕೂಗು ಬಂತು.

"ಸುಮೀ, ಬಾರೆ. ಅಲ್ಲೇ ನಿಂತ್ಕೋ."

ಯಾವ ಪರೀಕ್ಷೆಯೂ ಇಲ್ಲ. ಕೊಳವೆ ಇಲ್ಲ, ಅಂಕಿ ಇಲ್ಲ. ನಾನು ಪೇಪರು ಓದುವವಳಂತೆ ಕೂತೇ ಇದ್ದೆ. ಅಕ್ಕ ಹೋಗಿ ನಿಂತಳು. ಒಂದು ಕೈಯನ್ನು ಬೆನ್ನ ಹಿಂದೆ ತಂದು, ಅಂಗೈ ನನ್ನ ಕಡೆಗೆ ಬಿಚ್ಚಿ, ಹಾಗೇ ಕಾದಳು. ಅಮ್ಮ ಒಳಗಿನಿಂದ ಏನಾಯಿತೇ ಎಂದಳು. ಆ ಕೈ ಅಲ್ಲಾಡಲಿಲ್ಲ.

ನಾನು ಎದ್ದು ಹೋದೆ. ಈ ಸಲ ಮೂಸಲಿಲ್ಲ. ಆ ಅಂಗೈಗೆ ಒಂದೇ ಒಂದು ಸಲ ಮೆಲ್ಲಗೆ ಚುಚ್ಚಿದೆ.

"ಸರಿ ಇದೆ ಅಮ್ಮ" ಎಂದಳು ಅಕ್ಕ.

"ನೀನು ಹೇಳಿದ್ಮೇಲೆ ಆಯ್ತು ಬಿಡು" ಎಂದಳು ಅಮ್ಮ.